ನೆರಳಿನ ಪಾಲು

ಆಗುಂಬೆಯ ಘಟ್ಟದಂಚಿನಲ್ಲಿ ಸಂಜೆ ಸೂರ್ಯಾಸ್ತಕ್ಕಾಗಿ ಕಾದು ನಿಂತವರಲ್ಲಿ ಕ್ಯಾಮೆರಾ ಇಲ್ಲದವರು ಇಂದು ವಿರಳ. ಫೋನಿನೊಳಗಿನ ಕ್ಯಾಮೆರಾವಾದರೂ ಇದ್ದೇ ಇರುತ್ತದೆ. ಸೂರ್ಯಬಿಂಬದ ಕೆಳಯಂಚು ದಿಗಂತವನ್ನು ಮುಟ್ಟಿದ ಮೇಲೆ ಅದು ಪೂರ್ತಿ ಮುಳುಗಲು ಎರಡು ನಿಮಿಷಕ್ಕಿಂತ ತುಸುವೇ ಹೆಚ್ಚು ಕಾಲ ಹಿಡಿಯುತ್ತದೆ. ಆ ಅಲ್ಪಾವಧಿಯಲ್ಲಿ ಅವಸರದಿಂದ ತೆಗೆದ ಚಿತ್ರಗಳಲ್ಲಿ ಎರಡು ಬಗೆಯವು ನಮ್ಮ ಕಣ್ಣಿಗೆ ಮತ್ತೆ ಮತ್ತೆ ಬೀಳುತ್ತವೆ. ಒಂದರಲ್ಲಿ ಆಕಾಶವು ಸುಣ್ಣ ಬಳಿದ ಗೋಡೆಯಂತೆ ಬಿಳಿಚಿಕೊಂಡಿರುತ್ತದೆ. ಇನ್ನೊಂದರಲ್ಲಿ ಮೋಡದ ಕೆಂಪೂ ಕಣಿವೆಯ ಮರಗಳ ಹಸುರೂ ಸರಿಸಮನಾಗಿ ಬೆಳಗುತ್ತಿರುತ್ತವೆ. ಮೊದಲನೆಯದನ್ನು ಎಲ್ಲರೂ ತಪ್ಪೆನ್ನುತ್ತಾರೆ. ಎರಡನೆಯದೂ ತಪ್ಪೆಂಬುದೇ ನಮ್ಮ ಅಭಿಪ್ರಾಯ. ಅದು ಮೆಚ್ಚುಗೆ ಗಳಿಸುವ ತಪ್ಪಾದುದರಿಂದ ಹೆಚ್ಚು ಅಪಾಯಕರ.

ಸೂರ್ಯನ ಬಳಿಯ ಆಕಾಶಕ್ಕೂ ನೆರಳಿನಲ್ಲಿರುವ ಕಾಡಿಗೂ ಬೆಳಕಿನಲ್ಲಿ ಸಾವಿರ ಪಟ್ಟು ಅಂತರವಿದ್ದರೂ ಆಶ್ಚರ್ಯವಿಲ್ಲ. ನಮ್ಮ ಕಣ್ಣು ಎರಡನ್ನೂ ನೋಡುತ್ತದೆ, ನಿಜ. ಆದರೆ ಒಂದಾದ ಮೇಲೊಂದನ್ನು. ಮೋಡದತ್ತ ತಿರುಗಿದಾಗ ಪಾಪೆ ಕಿರಿದಾಗುತ್ತದೆ, ಕಣಿವೆಯತ್ತ ಇಳಿದಾಗ ಹಿರಿದಾಗುತ್ತದೆ; ಅಕ್ಷಿಪಟಲವೂ ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕಾದರೋ ಒಂದು ಚಿತ್ರಕ್ಕೆ ಒಂದೇ ಅಳತೆ. ಅದರ ಬೆಳಕುಮಾಪಕವು ಎದುರಿಗಿರುವುದು ಏನೇ ಆಗಲಿ, ಅದನ್ನು ನಡುಬೂದು ಬಣ್ಣಕ್ಕೆ ತರಲು ಯತ್ನಿಸುತ್ತದೆ. ಕಾಡಿನ ಕಡೆ ಗುರಿಯಿಟ್ಟರೆ ಆಕಾಶ ಸುಟ್ಟುಹೋಗುವುದು ಇದರಿಂದಲೇ.

ಈ ತೊಡಕು ಹೊಸದಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಅಚ್ಚುಮಾಡಿದನು. ಇಂದಿನ ಫೋನು ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ತೆಗೆದು ಬೆಸೆಯುವುದೂ ಅದೇ ಜಾತಿಯ ಕೆಲಸ. ಬೆಸುಗೆಯೇ ಮೋಸವೆಂದು ನಾವು ಹೇಳುವುದಿಲ್ಲ. ಎಲ್ಲಿಗೆ ನಿಲ್ಲಿಸಬೇಕೆಂಬ ತೀರ್ಮಾನವನ್ನು ಯಂತ್ರಕ್ಕೆ ಬಿಟ್ಟುಕೊಡುವುದಷ್ಟೇ ನಮ್ಮ ಆಕ್ಷೇಪಣೆ. ಸೂರ್ಯನು ಬೆಟ್ಟದ ಹಿಂದಿರುವಾಗ ನಮ್ಮತ್ತ ಇರುವ ಇಳಿಜಾರು ನೆರಳಲ್ಲಿರಲೇಬೇಕು. ಅದು ಹೊಳೆಯುತ್ತಿದ್ದರೆ ಬೆಳಕು ಎಲ್ಲಿಂದ ಬಂತು? ಇನ್ನೊಂದು ಮಾತು. ಘಟ್ಟದ ಸಾಲುಗಳ ನಡುವಣ ಗಾಳಿಯು ಬೆಳಕನ್ನು ಚದರಿಸುವುದರಿಂದ ದೂರದ ಸಾಲು ಮಸುಕಾಗಿ, ಹತ್ತಿರದ್ದು ಕಪ್ಪಾಗಿ ಕಾಣುತ್ತದೆ. ಆ ಕ್ರಮವೇ ಚಿತ್ರಕ್ಕೆ ಆಳ. ಹತ್ತಿರದ ಸಾಲನ್ನು ಬೆಳ್ಳಗೆ ಮಾಡಿದರೆ ಪಶ್ಚಿಮಘಟ್ಟವು ನಾಟಕದ ಪರದೆಯಾಗುತ್ತದೆ.

ಹಾಗಾದರೆ ಯಾವುದನ್ನು ಕಾಯಬೇಕು? ನೆಗೆಟಿವ್ ಫಿಲಂ ಬಳಸುತ್ತಿದ್ದ ಹಿರಿಯರು ನೆರಳನ್ನು ನೋಡಿ ಬೆಳಕು ಕೊಡುತ್ತಿದ್ದರು, ಏಕೆಂದರೆ ಫಿಲಮ್ಮಿನಲ್ಲಿ ದಾಖಲಾಗದ ನೆರಳನ್ನು ಮತ್ತೆ ಪಡೆಯುವಂತಿರಲಿಲ್ಲ. ಡಿಜಿಟಲ್ ಕ್ಯಾಮೆರಾದಲ್ಲಿ ಇದು ತಲೆಕೆಳಗು. ಅದರ ಸಂವೇದಕದ ಒಂದೊಂದು ಬಿಂದುವೂ ಒಂದು ಪುಟ್ಟ ಕೊಡವಿದ್ದಂತೆ. ತುಂಬಿ ತುಳುಕಿದ ಮೇಲೆ ಎಷ್ಟು ಬೆಳಕು ಬಿತ್ತೆಂಬ ಲೆಕ್ಕವೇ ಉಳಿಯುವುದಿಲ್ಲ. ಆದುದರಿಂದ ಮೊದಲು ಆಕಾಶವನ್ನು ಉಳಿಸಿಕೊಳ್ಳಬೇಕು. ನೆರಳನ್ನು ಆಮೇಲೆ ಎತ್ತಬಹುದು, ಆದರೆ ದಂಡ ತೆತ್ತು. 10,000 ಫೋಟಾನುಗಳು ಬಿದ್ದೆಡೆ ಸಹಜ ಏರಿಳಿತ ಸುಮಾರು 100, ಅಂದರೆ ಶೇಕಡಾ 1. 100 ಮಾತ್ರ ಬಿದ್ದೆಡೆ ಅದು ಸುಮಾರು 10, ಅಂದರೆ ಶೇಕಡಾ 10. ಕತ್ತಲೆಯನ್ನು ಹಿಗ್ಗಿಸಿದಾಗ ಈ ಏರಿಳಿತವೂ ಹಿಗ್ಗಿ, ಮರಳು ಚೆಲ್ಲಿದಂತೆ ಕಾಣುತ್ತದೆ. ಯಂತ್ರವು ಆ ಮರಳನ್ನು ಒರೆಸಿ ನುಣುಪು ಮಾಡಲು ಹೋಗಿ ಎಲೆಗಳನ್ನೂ ಒರೆಸಿಬಿಡುವುದುಂಟು.

ವಿದ್ಯಾರ್ಥಿ ಮಿತ್ರರು ಸೂರ್ಯನಿಂದ ತುಸು ಪಕ್ಕದ ಆಕಾಶಕ್ಕೆ ಗುರಿಯಿಟ್ಟು ಅಳತೆಯನ್ನು ಸ್ಥಿರಪಡಿಸಿಕೊಂಡು, ಅನಂತರ ಚಿತ್ರವನ್ನು ಹೊಂದಿಸಲಿ. (ಮಸೂರದ ಮೂಲಕ ನೇರವಾಗಿ ಸೂರ್ಯನನ್ನು ಕಣ್ಣಿಟ್ಟು ನೋಡಲೇಬಾರದು.) ಮನೆಗೆ ಬಂದು ನೆರಳನ್ನು ಎತ್ತುವಾಗ, ಅತಿ ಹತ್ತಿರದ ಸಾಲು ಅತಿ ಕಪ್ಪಾಗಿ ಉಳಿದಿರುವ ತನಕ ಮಾತ್ರ ಎತ್ತಲಿ.

ಇಷ್ಟಕ್ಕೂ ಸೂರ್ಯ ಮುಳುಗಿದ ಕೆಲವು ನಿಮಿಷಗಳಲ್ಲಿ ಆಕಾಶದ ಪ್ರಖರತೆ ತಗ್ಗಿ, ಆ ಅಂತರ ತಾನಾಗಿಯೇ ಕಿರಿದಾಗುತ್ತದೆ. ಬಾನು ತಿಳಿಯಾಗಿದ್ದು, ಪೂರ್ವ ದಿಗಂತ ಕಾಣುವ ಎಡೆಯಲ್ಲಿ ಹಿಂದಿರುಗಿ ನೋಡಿದರೆ, ಭೂಮಿಯದೇ ನೆರಳು ನೀಲಿಬೂದು ಪಟ್ಟಿಯಾಗಿ ಮೇಲೇರುತ್ತಿರುತ್ತದೆ, ಅದರ ಮೇಲೆ ನಸುಗೆಂಪಿನ ಇನ್ನೊಂದು ಪಟ್ಟಿ. ಅಷ್ಟು ಹೊತ್ತಿಗೆ ಬಂದವರಲ್ಲಿ ಬಹುಮಂದಿ ಬಸ್ಸಿನ ಕಡೆ ಹೊರಟುಬಿಟ್ಟಿರುತ್ತಾರೆ.