ವಿಳಾಸ ಪೂರ್ತಿ ಬರೆಯಿರಿ

‘ನಮ್ಮ ಜಿಲ್ಲೆ’ ಎಂದರೆ ಯಾವುದು? ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಲ್ಲಿ 1997ರ ಆರಂಭದಲ್ಲಿ ಕೇಳಿದ್ದರೆ ಉತ್ತರ ಧಾರವಾಡ. ಆ ವರ್ಷದ ಆಗಸ್ಟ್‌ನಲ್ಲಿ ಹೊಸ ಜಿಲ್ಲೆಯಾದ ಮೇಲೆ ಕೇಳಿದರೆ ಹಾವೇರಿ. ಮಾತು ಅದೇ, ಅರ್ಥ ಬೇರೆ. ಮೊಟಕು ಮಾತಿನ ಗುಣವೇ ಹಾಗೆ. ಆಡಿದ ಹೊತ್ತಿಗೆ ಸಲೀಸು, ಹೊತ್ತು ಕಳೆದರೆ ಗೊಂದಲ. ಕಂಪ್ಯೂಟರಿನಲ್ಲೂ ಇದೇ ಕಥೆ.

ಶಾಲೆಯ ಅಂಕಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಡುವವರು ಬಹಳ ಮಂದಿ. ಪಗಡೆ ಹಾಸಿನಂತೆ ಅಲ್ಲಿ ಸಾಲು ಸಾಲು ಮನೆಗಳು. ಒಂದೊಂದು ಮನೆಗೂ ಒಂದು ವಿಳಾಸ: ಬಿ ಕಂಬದ ಎರಡನೇ ಸಾಲಿನ ಮನೆ ‘ಬಿ2’. ಮತ್ತೆ ಮತ್ತೆ ಮಾಡುವ ಕೆಲಸವನ್ನು ಒಮ್ಮೆ ಬರೆದಿಟ್ಟು, ಬೇಕಾದಾಗ ಯಂತ್ರಕ್ಕೇ ಒಪ್ಪಿಸುವ ಆಜ್ಞೆಗಳ ಸರಣಿಯೇ ಮ್ಯಾಕ್ರೊ. ಇದಕ್ಕೆ ಬಳಸುವ ವಿಬಿಎ ಭಾಷೆ 1993ರಲ್ಲಿ ಎಕ್ಸೆಲ್ 5ರೊಂದಿಗೆ ಬಂತು.

ಈ ಭಾಷೆಯಲ್ಲಿ ಬಿ2 ಮನೆಯನ್ನು ಎರಡು ಬಗೆಯಲ್ಲಿ ಕರೆಯಬಹುದು. ಚೌಕ ಆವರಣದಲ್ಲಿ [ಬಿ2] ಎಂದರೆ ಸಾಕು, ಇದು ಮೊಟಕು. ರೇಂಜ್("ಬಿ2") ಎಂದು ಬಿಡಿಸಿಯೂ ಬರೆಯಬಹುದು. ಎರಡೂ ಒಂದೇ ಮನೆಗೆ ಮುಟ್ಟಿಸುತ್ತವೆ. ಹಾಗಾದರೆ ಕೆಲವು ಅಕ್ಷರ ಹೆಚ್ಚು ಬರೆಯುವುದೇಕೆ?

ಕಾರಣ ಇದೆ. ಚೌಕ ಆವರಣದೊಳಗೆ ಬರೆದದ್ದನ್ನು ಎಕ್ಸೆಲ್ ಇದ್ದ ಹಾಗೇ ಓದುತ್ತದೆ. ಅಲ್ಲಿ ಬದಲಾಗುವ ಸಂಖ್ಯೆಗೆ ಜಾಗವಿಲ್ಲ. ನಲವತ್ತು ಮಕ್ಕಳ ಅಂಕ ಬಿ2ರಿಂದ ಬಿ41ರವರೆಗೆ ಇದೆ ಎನ್ನಿ. ಆವರಣ ನಂಬಿದರೆ ನಲವತ್ತು ಸಲ ಬರೆಯಬೇಕು. ರೇಂಜ್("ಬಿ" & ಸಾಲು) ಎಂದು ಬರೆದು, ‘ಸಾಲು’ 2ರಿಂದ 41ರವರೆಗೆ ಏರಲಿ ಎಂದರೆ ಕೆಲಸ ಮುಗಿಯಿತು.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಮೇಲಿನ ಎರಡೂ ಬರಹಗಳಲ್ಲಿ ಹಾಳೆಯ ಹೆಸರಿಲ್ಲ. ಹಾಗಿದ್ದಾಗ ಸಾಮಾನ್ಯ ಮಾಡ್ಯೂಲಿನಲ್ಲಿರುವ ಮ್ಯಾಕ್ರೊ, ಆ ಕ್ಷಣ ತೆರೆದಿರುವ ಹಾಳೆಯನ್ನೇ ಹಿಡಿಯುತ್ತದೆ. ವಿಜ್ಞಾನದ ಅಂಕ ತುಂಬಬೇಕಾದಾಗ ಪರದೆಯ ಮೇಲೆ ಗಣಿತದ ಹಾಳೆ ಇದ್ದರೆ? ಗಣಿತದ ಅಂಕಗಳ ಮೇಲೆ ವಿಜ್ಞಾನದ ಅಂಕ ಕೂರುತ್ತದೆ. ಯಂತ್ರ ತಪ್ಪೆಂದು ಕೂಗುವುದಿಲ್ಲ. ಮ್ಯಾಕ್ರೊ ಬದಲಿಸಿದ್ದನ್ನು ‘ಅನ್‌ಡೂ’ ಒತ್ತಿ ಹಿಂದಕ್ಕೆ ತರಲೂ ಆಗುವುದಿಲ್ಲ. ಕಡತದ ಇನ್ನೊಂದು ಪ್ರತಿ ಇಲ್ಲದಿದ್ದರೆ ಮಗುವಿನ ಅಂಕ ಹೋದಂತೆಯೇ. ವರ್ಕ್‌ಶೀಟ್ಸ್("ವಿಜ್ಞಾನ").ರೇಂಜ್("ಬಿ2") ಎಂದು ಪೂರ್ತಿ ಬರೆದರೆ ಈ ಭಯವಿಲ್ಲ.

ಇನ್ನೊಂದು ಕಿವಿಮಾತು. ಮೇಲೆ ಹೊಸ ಸಾಲು ಸೇರಿಸಿದರೆ ಹಾಳೆಯ ಸೂತ್ರಗಳು ತಾವೇ ಹೊಂದಿಕೊಳ್ಳುತ್ತವೆ. ಮ್ಯಾಕ್ರೊದೊಳಗಿನ ‘ಬಿ2’ ಮಾತ್ರ ಬದಲಾಗದು. ಮನೆಯವರು ಬಿ3ಕ್ಕೆ ಹೋದರೂ ಅದು ಹಳೆಯ ಬಾಗಿಲನ್ನೇ ತಟ್ಟುತ್ತದೆ. ಮುಖ್ಯವಾದ ಮನೆಗೆ ‘ಒಟ್ಟು’ ಎಂಬಂಥ ಹೆಸರಿಟ್ಟು, ಆ ಹೆಸರಿನಿಂದಲೇ ಕರೆಯಿರಿ. ಮನೆ ಸರಿದರೆ ಹೆಸರೂ ಜೊತೆಗೇ ಸರಿಯುತ್ತದೆ.

ಹಾಗೆಂದು ಮೊಟಕು ಬರಹ ಪಾಪವೇನಲ್ಲ. ಒಂದು ಮನೆಯಲ್ಲಿ ಏನಿದೆಯೆಂದು ಇಣುಕಿ ನೋಡಲು ಚೌಕ ಆವರಣ ಚೆನ್ನ. ಆದರೆ ಮ್ಯಾಕ್ರೊ ಬರೆದವರು ವರ್ಗವಾಗಿ ಹೋಗುತ್ತಾರೆ, ಕಡತ ಶಾಲೆಯಲ್ಲೇ ಉಳಿಯುತ್ತದೆ. ಮುಂದೆ ಅದನ್ನು ತೆರೆಯುವವರಿಗೆ ನಿಮ್ಮ ಮನಸ್ಸಿನಲ್ಲಿದ್ದ ಹಾಳೆ ಕಾಣದು. ಬರೆದ ಹೆಸರಷ್ಟೇ ಕಾಣುತ್ತದೆ.