ಹೊಳೆಯುವ ನೆಲ, ನೋಯುವ ಮಂಡಿ

ಮನೆಗೆ ಬಂದ ಅತಿಥಿಯ ಕಣ್ಣು ಮೊದಲು ಬೀಳುವುದು ಗೋಡೆಯ ಚಿತ್ರಪಟದ ಮೇಲೋ ಕಿಟಕಿಯ ಪರದೆಯ ಮೇಲೋ ಎಂದು ಗೃಹಸ್ಥರು ಭಾವಿಸುತ್ತಾರೆ. ಗೃಹಿಣಿಗೆ ಮಾತ್ರ ನಿಜ ಗೊತ್ತು: ಅದು ಬೀಳುವುದು ನೆಲದ ಮೇಲೆ. ನೆಲ ಹೊಳೆಯುತ್ತಿದ್ದರೆ ಯಾರೂ ಅದರ ಮಾತೆತ್ತುವುದಿಲ್ಲ. ಹೊಳೆಯದಿದ್ದರೆ ಯಾರೂ ಮರೆಯುವುದಿಲ್ಲ. ಈ ಹೊಳಪು ತಾನಾಗಿ ಬಂದುದಲ್ಲ, ಯಾರೋ ಒಬ್ಬರು ಮಂಡಿಯೂರಿ, ಬೆನ್ನು ಬಗ್ಗಿಸಿ, ಅಂಗೈ ಸವೆಸಿ ತಂದದ್ದು ಎಂಬ ವಿಚಾರವಂತೂ ನಡುಮನೆಯ ಸಂಭಾಷಣೆಯಲ್ಲಿ ಸುಳಿಯುವುದೇ ಇಲ್ಲ. ಆ ಮಂಡಿಯನ್ನು ನೆಲದಿಂದ ಮೇಲಕ್ಕೆತ್ತಲು ಇಪ್ಪತ್ತನೆಯ ಶತಮಾನದ ಅಮೆರಿಕೆಯಲ್ಲಿ ಮನೆಮನೆಗೂ ಬಂದ ಒಂದು ಸಣ್ಣ ಸಲಕರಣೆಯುಂಟು. ಉದ್ದನೆಯ ಹಿಡಿ, ತುದಿಯಲ್ಲೊಂದು ಉಣ್ಣೆಯ ಮೆತ್ತೆ, ಹಿಡಿಗೆ ಅಂಟಿಕೊಂಡ ಒಂದು ಡಬ್ಬಿ. ನೆಲಕ್ಕೆ ದ್ರವಮೇಣ ಬಳಿಯುವ ಕೈಸಾಧನ. ನೋಡಲು ಅಲ್ಪ ವಸ್ತು. ಆದರೆ ಮನೆಗೆಲಸದ ಭಾರ ನಿಜಕ್ಕೂ ಹೇಗೆ ಇಳಿಯುತ್ತದೆ, ಹೇಗೆ ಇಳಿಯುವುದಿಲ್ಲ ಎಂಬ ದೊಡ್ಡ ಪಾಠ ಅದರ ಚರಿತ್ರೆಯಲ್ಲಿ ಅಡಗಿದೆ.

ಮೇಣಕ್ಕೂ ನೆಲಕ್ಕೂ ನಂಟು ಬೆಳೆದದ್ದು ಮರದ ನೆಲವಿರುವ ಶೀತದೇಶಗಳಲ್ಲಿ. ಕಲ್ಲನ್ನು ನೀರಿನಿಂದ ತೊಳೆಯಬಹುದು. ಮರಕ್ಕೆ ನೀರು ವೈರಿ. ಫ್ರಾನ್ಸಿನ ವರ್ಸೈ ಅರಮನೆಯಲ್ಲಿ ಅಮೃತಶಿಲೆಯ ನೆಲವನ್ನು ಪದೇ ಪದೇ ತೊಳೆದ ನೀರು ಕೆಳಗಿಳಿದು ಆಧಾರದ ತೊಲೆಗಳನ್ನು ಕೊಳೆಯಿಸುತ್ತಿದ್ದುದರಿಂದ, 1684ರಲ್ಲಿ ಅದರ ಬದಲು ಮರದ ಹಲಗೆಗಳನ್ನು ಹೆಣೆದ ನೆಲವನ್ನು ಹಾಸಲಾಯಿತು. ಮರದ ಸೂಕ್ಷ್ಮರಂಧ್ರಗಳನ್ನು ಮೇಣ ತುಂಬಿ ಮುಚ್ಚುತ್ತದೆ. ನೀರು ಒಳಗಿಳಿಯದು, ಧೂಳು ಕಚ್ಚದು, ಬೆಳಕು ಬಿದ್ದರೆ ಕನ್ನಡಿಯಂತೆ ಮಿನುಗುತ್ತದೆ. ಆದರೆ ಮೇಣ ಬಳಿದ ಮಾತ್ರಕ್ಕೆ ಹೊಳೆಯುವುದಿಲ್ಲ, ಅದನ್ನು ಉಜ್ಜಬೇಕು. ಫ್ರಾನ್ಸಿನ ಸಿರಿವಂತರ ಮನೆಗಳಲ್ಲಿ ಇದೊಂದಕ್ಕಾಗಿಯೇ ಆಳುಗಳಿದ್ದರು. ಅವರು ಪಾದಕ್ಕೆ ಬ್ರಷ್ಷನ್ನು ಕಟ್ಟಿಕೊಂಡು, ಕುಣಿಯುವವರಂತೆ ಕಾಲನ್ನು ಹಿಂದಕ್ಕೂ ಮುಂದಕ್ಕೂ ಜಾರಿಸುತ್ತ ಕೋಣೆಯಿಂದ ಕೋಣೆಗೆ ಸಾಗುತ್ತಿದ್ದರು. ಫಿಲಿಪ್ಪೀನ್ಸ್ ದ್ವೀಪಗಳ ಮನೆಗಳಲ್ಲಿ ಇದೇ ಕೆಲಸಕ್ಕೆ ತೆಂಗಿನಕಾಯಿಯ ಸಿಪ್ಪೆ ಒದಗಿತು. ಅರ್ಧ ಹೋಳನ್ನು ಪಾದದಡಿ ಇಟ್ಟುಕೊಂಡು ಮಕ್ಕಳೂ ದೊಡ್ಡವರೂ ನೆಲದ ಮೇಲೆ ಜಾರಾಡುತ್ತ ಮೇಣವನ್ನು ಉಜ್ಜುತ್ತಿದ್ದರು.

ಪಾದದಿಂದ ಉಜ್ಜಬಹುದಾದರೂ ಮೇಣವನ್ನು ಬಳಿಯುವ ಕೆಲಸ ಮಾತ್ರ ಕೈಗೇ ಬೀಳುತ್ತಿತ್ತು. ಡಬ್ಬಿಯಲ್ಲಿನ ಗಟ್ಟಿ ಮೇಣವನ್ನು ಬಟ್ಟೆಗೆ ಮೆತ್ತಿಕೊಂಡು, ನೆಲದ ಮೇಲೆ ಮಂಡಿಯೂರಿ, ಒಂದೊಂದೇ ಹಲಗೆಗೆ ತಿಕ್ಕುತ್ತ ಹಿಂದೆ ಸರಿಯಬೇಕು. ದಿನವೂ ಇದೇ ಕೆಲಸವಾದರೆ ಮಂಡಿಚಿಪ್ಪಿನ ಮುಂದಿರುವ ಸಣ್ಣ ದ್ರವಚೀಲ ಉರಿಗೊಂಡು ಊದಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಈ ಬೇನೆಗೆ ‘ಹೌಸ್‌ಮೇಡ್ಸ್ ನೀ’, ಎಂದರೆ ಮನೆಗೆಲಸದವಳ ಮಂಡಿ, ಎಂದೇ ಹೆಸರು. ಜೆರೋಮ್ ಕೆ. ಜೆರೋಮ್ 1889ರಲ್ಲಿ ಪ್ರಕಟಿಸಿದ ‘ತ್ರೀ ಮೆನ್ ಇನ್ ಎ ಬೋಟ್’ ಎಂಬ ಹಾಸ್ಯಕೃತಿಯ ನಾಯಕ ವೈದ್ಯಗ್ರಂಥವೊಂದನ್ನು ತಿರುವಿಹಾಕಿ, ಅದರಲ್ಲಿನ ಸಕಲ ರೋಗಗಳೂ ತನಗಿವೆಯೆಂದು ನಿಶ್ಚಯಿಸುತ್ತಾನೆ. ಇಲ್ಲದಿರುವುದು ಇದೊಂದೇ! ಓದಿದವರೆಲ್ಲ ನಕ್ಕಿದ್ದಾರೆ. ಆದರೆ ಆ ನಗೆಯ ಹಿಂದೆ ಒಂದು ಕಹಿ ಸತ್ಯವಿದೆ. ಪುಸ್ತಕ ಓದುವಷ್ಟು ವಿರಾಮವಿದ್ದ ಮಹನೀಯನಿಗೆ ಬರಲಾಗದ ಕಾಯಿಲೆ ಅದು.

ಅಮೆರಿಕೆಯ ವಿಸ್ಕಾನ್ಸಿನ್ ರಾಜ್ಯದ ರಸೀನ್ ಪಟ್ಟಣದಲ್ಲಿ ಸ್ಯಾಮ್ಯುಯೆಲ್ ಕರ್ಟಿಸ್ ಜಾನ್ಸನ್ ಎಂಬುವರು 1886ರಲ್ಲಿ ಮರದ ನೆಲಹಲಗೆಗಳ ವ್ಯಾಪಾರವೊಂದನ್ನು ಕೊಂಡರು. ಹಲಗೆ ಕೊಂಡ ಗಿರಾಕಿಗಳು ಅದನ್ನು ಕಾಪಾಡುವ ಬಗೆಯನ್ನೂ ಕೇಳತೊಡಗಿದಾಗ ಅವರು ಮೇಣವನ್ನು ಸಿದ್ಧಪಡಿಸಿ ಮಾರಿದರು. 1898ರ ವೇಳೆಗೆ ಮೇಣ, ಮರದ ಬಣ್ಣ ಮುಂತಾದವುಗಳ ಮಾರಾಟ ಹಲಗೆಯ ಮಾರಾಟವನ್ನೇ ಮೀರಿಸಿತು. ಹಲಗೆಯನ್ನು ಮನೆಗೆ ಒಮ್ಮೆ ಹಾಸಿದರೆ ತಲೆಮಾರು ಬಾಳುತ್ತದೆ. ಹೊಳಪಾದರೋ ಕೆಲವೇ ವಾರಗಳಲ್ಲಿ ಮಾಸುತ್ತದೆ. ವ್ಯಾಪಾರದ ಗುಟ್ಟು ಇದರಲ್ಲೇ ಇತ್ತು.

ಮುಂದಿನ ದೊಡ್ಡ ಮಾರ್ಪಾಡು ನೀರಿನಲ್ಲಿ ಬೆರೆಸಿದ ಮೇಣ. ಹಾಲಿನಲ್ಲಿ ಜಿಡ್ಡಿನ ಕಣಗಳು ನೀರಿನೊಡನೆ ಹರಡಿ ನಿಲ್ಲುವಂತೆ, ಮೇಣವನ್ನು ಅತಿಸೂಕ್ಷ್ಮ ಕಣಗಳಾಗಿ ಒಡೆದು ಸಾಬೂನಿನಂಥ ವಸ್ತುವಿನ ಸಹಾಯದಿಂದ ನೀರಿನಲ್ಲಿ ತೇಲಿಸಿದರು. ನೆಲಕ್ಕೆ ಬಳಿದೊಡನೆ ನೀರು ಆವಿಯಾಗುತ್ತದೆ. ಕಣಗಳು ಒಂದಕ್ಕೊಂದು ಹೊಂದಿ ತೆಳುವಾದ ಪದರವಾಗಿ, ಯಾರೂ ಉಜ್ಜದೆಯೇ ಹೊಳೆಯುತ್ತವೆ. ಜಾನ್ಸನ್ ಕಂಪೆನಿ 1932ರಲ್ಲಿ ‘ಗ್ಲೋ-ಕೋಟ್’ ಎಂಬ ಹೆಸರಿನಲ್ಲಿ ಇಂಥದೊಂದನ್ನು ಮಾರುಕಟ್ಟೆಗೆ ತಂದಿತು. ಆಗ ಅಮೆರಿಕೆಯಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲ. ಆದರೂ ಅದು ಬಲವಾಗಿ ಮಾರಾಟವಾಯಿತು. ಟರ್ಪೆಂಟೈನ್‌ನಂಥ ದ್ರಾವಕ ಸೇರಿದ ಹಳೆಯ ಮೇಣ ರಬ್ಬರಿನ ಮತ್ತು ಡಾಂಬರಿನ ಹಾಸುಬಿಲ್ಲೆಗಳನ್ನು ಮೆತ್ತಗಾಗಿಸಿ ಕೆಡಿಸುತ್ತಿತ್ತು. ನೀರಿನ ಮೇಣಕ್ಕೆ ಆ ದೋಷವಿರಲಿಲ್ಲ. ಬೆಂಕಿ ಹತ್ತಿಕೊಳ್ಳುವ ಭಯವೂ ಇರಲಿಲ್ಲ.

ಇದರ ಜೀವಾಳವಾದ ಮೇಣ ಬರುತ್ತಿದ್ದುದು ಬ್ರೆಜಿಲ್ ದೇಶದ ಈಶಾನ್ಯ ಭಾಗದ ಕಾರ್ನೌಬಾ ಎಂಬ ತಾಳೆಮರದಿಂದ. ಬೇಸಗೆಯಲ್ಲಿ ಗರಿಯ ನೀರು ಆರದಂತೆ ಮರವೇ ತನ್ನ ಎಲೆಗೆ ಮೇಣ ಹೊದಿಸಿಕೊಳ್ಳುತ್ತದೆ. ಗರಿಗಳನ್ನು ಕಡಿದು, ಒಣಗಿಸಿ, ಬಡಿದರೆ ಅದು ಪುಡಿಯಾಗಿ ಉದುರುತ್ತದೆ. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕರಗಿದರೆ ಇದು ಕರಗಲು 82ರಿಂದ 86 ಡಿಗ್ರಿ ಬೇಕು. ಅಷ್ಟು ಗಟ್ಟಿಯಾದುದರಿಂದಲೇ ಹೆಜ್ಜೆಗೆ ಬೇಗ ಸವೆಯದು. ಕಂಪೆನಿಯ ಮೂರನೆಯ ತಲೆಮಾರಿನ ಒಡೆಯರಾದ ಎಚ್. ಎಫ್. ಜಾನ್ಸನ್ 1935ರಲ್ಲಿ, ನೀರಿನ ಮೇಲೂ ಇಳಿಯಬಲ್ಲ ಸಿಕೋರ್ಸ್ಕಿ ವಿಮಾನವೊಂದರಲ್ಲಿ ಈ ಮರವನ್ನು ಅರಸಿಕೊಂಡು ಬ್ರೆಜಿಲ್ಲಿಗೇ ಹಾರಿದರು. ಅಡುಗೆಮನೆಯ ನೆಲದ ಹೊಳಪಿಗಾಗಿ ಮನುಷ್ಯ ಕೈಗೊಂಡ ಸಾಹಸಗಳಲ್ಲಿ ಇದು ಚಿಕ್ಕದೇನಲ್ಲ!

ಮೇಣ ದ್ರವವಾದ ಮೇಲೆ ಅದನ್ನು ಬಳಿಯಲು ಮಂಡಿಯೂರಬೇಕಾದ ಕಾರಣವೇ ಉಳಿಯಲಿಲ್ಲ. ಮೊದಲಿಗೆ ಬಂದದ್ದು ಕೋಲಿನ ತುದಿಗೆ ಕುರಿಯ ಉಣ್ಣೆಯ ಮೆತ್ತೆಯನ್ನು ಸಿಕ್ಕಿಸಿದ ಸರಳ ಸಾಧನ. ತಟ್ಟೆಯಲ್ಲಿ ಮೇಣ ಸುರಿದು, ಅದ್ದಿ ಅದ್ದಿ ಬಳಿಯಬೇಕಾಗಿತ್ತು. ಅದರ ಸುಧಾರಿತ ರೂಪದಲ್ಲಿ ಮೇಣದ ಡಬ್ಬಿ ಹಿಡಿಯ ಮೇಲೇ ಏರಿತು. ಡಬ್ಬಿಯ ತಳದಲ್ಲೊಂದು ಕವಾಟ. ಅಲ್ಲಿಂದ ಹಿಡಿಯ ತುದಿಯವರೆಗೆ ಒಂದು ತಂತಿ. ತುದಿಯಲ್ಲಿ ಬೆರಳಿಗೆ ಎಟುಕುವಂತೆ ಒಂದು ಒತ್ತುಗುಂಡಿ. ಒತ್ತಿದರೆ ಕವಾಟ ತೆರೆದು ಮೇಣ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಬಿಟ್ಟರೆ ಸ್ಪ್ರಿಂಗು ಕವಾಟವನ್ನು ಮುಚ್ಚುತ್ತದೆ. ಡಬ್ಬಿಯ ಮೇಲ್ಭಾಗದಲ್ಲಿ ಗಾಳಿಗೊಂದು ಸಣ್ಣ ರಂಧ್ರವೂ ಬೇಕು. ಎಣ್ಣೆಯ ಡಬ್ಬಕ್ಕೆ ಎರಡು ತೂತು ಮಾಡದಿದ್ದರೆ ಎಣ್ಣೆ ಸಲೀಸಾಗಿ ಸುರಿಯುವುದಿಲ್ಲವೆಂಬುದನ್ನು ಅರಿತ ಗೃಹಿಣಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಬಳಕೆಯಲ್ಲಿ ಬಲಕ್ಕಿಂತ ಸಂಯಮ ಮುಖ್ಯ. ನೆಲವನ್ನು ಮೊದಲು ತೊಳೆದು ಪೂರ್ತಿ ಆರಿಸಬೇಕು. ಇಲ್ಲವಾದರೆ ಕೊಳೆಯೂ ಹೊಳಪಿನೊಳಗೆ ಶಾಶ್ವತವಾಗಿ ಸೆರೆಯಾಗುತ್ತದೆ. ಬಾಗಿಲಿನಿಂದ ದೂರದ ಮೂಲೆಯಲ್ಲಿ ಆರಂಭಿಸಿ ಬಾಗಿಲಿನತ್ತ ಹಿಂದೆ ಸರಿಯುತ್ತ ಬರಬೇಕು. ಪದರ ತೆಳುವಾಗಿರಬೇಕು, ದಪ್ಪನಾದ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪ ಲೇಸು. ಅರೆಬರೆ ಆರಿದ ಕಡೆ ಮತ್ತೆ ಕೋಲಾಡಿಸಿದರೆ ಗೆರೆ ಮೂಡುತ್ತದೆ. ಕೆಲಸ ಮುಗಿದೊಡನೆ ಮೆತ್ತೆಯನ್ನು ತೊಳೆದಿಡದಿದ್ದರೆ ಮರುಸಲಕ್ಕೆ ಅದು ಕಲ್ಲಿನಂತಾಗಿರುತ್ತದೆ. ಇಷ್ಟನ್ನು ಪಾಲಿಸಿದವಳು ನೇರವಾಗಿ ನಿಂತುಕೊಂಡೇ ಇಡೀ ಅಡುಗೆಮನೆಗೆ ಮೇಣ ಬಳಿದು ಮುಗಿಸಬಹುದಾಗಿತ್ತು.

ಹಾಗಾದರೆ ಅಮೆರಿಕೆಯ ಗೃಹಿಣಿಗೆ ವಿರಾಮ ದೊರೆಯಿತೇ? ಕಥೆಯ ತಿರುವು ಇರುವುದು ಇಲ್ಲಿಯೇ. ಕೆಲಸ ಸುಲಭವಾದೊಡನೆ ಅದನ್ನು ಹೆಚ್ಚು ಸಲ ಮಾಡಬೇಕೆಂಬ ನಿರೀಕ್ಷೆ ಹುಟ್ಟಿತು. 1935ರಿಂದ ಹದಿನೈದು ವರ್ಷ ‘ಫಿಬರ್ ಮಗೀ ಅಂಡ್ ಮಾಲಿ’ ಎಂಬ ಜನಪ್ರಿಯ ರೇಡಿಯೋ ಹಾಸ್ಯನಾಟಕವನ್ನು ಪ್ರಾಯೋಜಿಸಿದ್ದು ಇದೇ ಮೇಣದ ಕಂಪೆನಿ. ಮನೆಮಂದಿಯೆಲ್ಲ ಕುಳಿತು ನಗುವ ಹೊತ್ತಿನಲ್ಲೇ ಹೊಳೆಯುವ ನೆಲದ ಹಿರಿಮೆಯೂ ಕಿವಿಗೆ ಬೀಳುತ್ತಿತ್ತು. ನೆಲದ ಹೊಳಪು ಗೃಹಿಣಿಯ ಶೀಲದ ಅಳತೆಗೋಲಾಯಿತು. ಹಿಂದೆ ಅಪರೂಪಕ್ಕೆ ಕಾಣುತ್ತಿದ್ದ ಹೊಳಪು ಈಗ ಪ್ರತಿದಿನವೂ ಇರಲೇಬೇಕಾದ ಹೊಳಪಾಯಿತು.

ಇನ್ನೊಂದು ಸೂಕ್ಷ್ಮವೂ ಉಂಟು. ಮೇಣದ ಮೇಲೆ ಮೇಣ ಬಳಿಯುತ್ತ ಹೋದರೆ ಪದರಗಳು ಕೂಡಿ, ಗೋಡೆಯಂಚಿನಲ್ಲೂ ಮೂಲೆಗಳಲ್ಲೂ ಹಳದಿಗಟ್ಟುತ್ತವೆ. ಆಗ ಅಮೋನಿಯಾ ಬೆರೆಸಿದ ನೀರು ಸುರಿದು, ಹಳೆಯ ಪದರವನ್ನೆಲ್ಲ ಕೆರೆದು ತೆಗೆದು, ಮೊದಲಿನಿಂದ ಬಳಿಯಬೇಕು. ಬಳಿಯುವುದೇನೋ ಕೋಲಿನಿಂದ, ಮೂಲೆಯನ್ನು ಕೆರೆಯುವುದು ಮಾತ್ರ ಮತ್ತೆ ಮಂಡಿಯೂರಿಯೇ. ಮುಂಬಾಗಿಲಿನಿಂದ ಹೊರಟುಹೋದ ಕಷ್ಟ ಹಿತ್ತಿಲಬಾಗಿಲಿನಿಂದ ಒಳಗೆ ಬಂದಿತ್ತು.

ಇದು ಬರಿಯ ಊಹೆಯಲ್ಲ. ಸಮಾಜಶಾಸ್ತ್ರಜ್ಞೆ ಜೋಆನ್ ವಾನೆಕ್ ಅವರು 1974ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ಹೊರಗಿನ ಉದ್ಯೋಗವಿಲ್ಲದ ಅಮೆರಿಕೆಯ ಗೃಹಿಣಿ 1924ರ ಸುಮಾರಿಗೆ ವಾರಕ್ಕೆ 52 ಗಂಟೆಗಳಷ್ಟು ಮನೆಗೆಲಸ ಮಾಡುತ್ತಿದ್ದಳು. 1960ರ ದಶಕದಲ್ಲಿ ಆಕೆಯ ಕೆಲಸ 55 ಗಂಟೆಗಳಷ್ಟಿತ್ತು! ನಡುವೆ ಬಟ್ಟೆ ಒಗೆಯುವ ಯಂತ್ರ, ಧೂಳು ಹೀರುವ ಯಂತ್ರ, ತಾನೇ ಹೊಳೆಯುವ ಮೇಣ ಎಲ್ಲವೂ ಮನೆಯೊಳಗೆ ಬಂದಿದ್ದವು. ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ಅವರು 1983ರ ತಮ್ಮ ಗ್ರಂಥಕ್ಕೆ ‘ಮೋರ್ ವರ್ಕ್ ಫಾರ್ ಮದರ್’, ಅಂದರೆ ತಾಯಿಗೆ ಇನ್ನಷ್ಟು ಕೆಲಸ, ಎಂದೇ ಹೆಸರಿಟ್ಟರು. ಸಲಕರಣೆ ಆಯಾಸವನ್ನು ಕಡಿಮೆ ಮಾಡಿತು, ನಿಜ. ಆದರೆ ಉಳಿದ ಸಮಯವನ್ನು ಏರಿದ ನಿರೀಕ್ಷೆಗಳು ನುಂಗಿಹಾಕಿದವು. ಹಿಂದೆ ಗಂಡಸರೂ ಮಕ್ಕಳೂ ಆಳುಗಳೂ ಹಂಚಿಕೊಳ್ಳುತ್ತಿದ್ದ ದುಡಿಮೆ, ‘ಈಗ ಸುಲಭವಾಯಿತಲ್ಲ’ ಎಂಬ ಕಾರಣದಿಂದ, ಒಬ್ಬಳ ಪಾಲಿಗೇ ಉಳಿಯಿತು.

ಆಕೆಗೆ ಮೇಣದಿಂದ ನಿಜವಾದ ಬಿಡುಗಡೆ ದೊರೆತದ್ದು ನೆಲವೇ ಬದಲಾದಾಗ. ಮರಕ್ಕೆ ಪಾಲಿಯುರಥೇನ್ ಎಂಬ ಗಟ್ಟಿಯಾದ ಲೇಪ, ಅಡುಗೆಮನೆಗೆ ಮೇಣ ಬೇಡದ ವಿನೈಲ್ ಹಾಸು ಬಂದ ಮೇಲೆ ಮೇಣದ ಡಬ್ಬಿ ಹೊತ್ತ ಕೋಲು ಮೂಲೆ ಸೇರಿತು.

ಕನ್ನಡನಾಡಿನಲ್ಲಿ ಮರದ ನೆಲ ವಿರಳ. ಆದರೆ ಮೇಣದ ಹೊಳಪು ಇಲ್ಲಿಗೆ ಅಪರಿಚಿತವೂ ಅಲ್ಲ. ಮೈಸೂರು, ಬೆಂಗಳೂರುಗಳ ಹಳೆಯ ಮನೆಗಳ ಕೆಂಪು ನೆಲವನ್ನು ನೆನೆಸಿಕೊಳ್ಳಬಹುದು. ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ ನುಣ್ಣಗೆ ತೀಡಿದ ಆ ನೆಲಕ್ಕೆ, ಹಬ್ಬ ಹತ್ತಿರವಾದರೆ ಮೇಣದ ಪಾಲಿಶಿನ ಡಬ್ಬಿ ತೆರೆದು, ಹಳೆಯ ಬಟ್ಟೆಯಿಂದ ಉಜ್ಜುತ್ತಿದ್ದ ಕೈಗಳು ಯಾರವು? ಅದಕ್ಕೂ ಹಿಂದೆ ಮಣ್ಣಿನ ನೆಲವನ್ನು ಸಗಣಿಯಿಂದ ಸಾರಿಸುತ್ತಿದ್ದ ಕೈಗಳು ಯಾರವು? ಹಲಗೆ ಬೇರೆ, ಸಿಮೆಂಟು ಬೇರೆ, ಮಣ್ಣು ಬೇರೆ. ಬಾಗಿದ ಬೆನ್ನು ಮಾತ್ರ ಎಲ್ಲೆಡೆಯೂ ಒಂದೇ.

ಇಂದು ಕೆಂಪು ನೆಲದ ಜಾಗವನ್ನು ಟೈಲ್ಸು ಹಿಡಿದಿದೆ, ಮೇಣ ಬೇಕಾಗಿಲ್ಲ. ಆ ಹಳೆಯ ಸಾಧನವೂ ಪೂರ್ತಿ ಅಳಿದಿಲ್ಲ. ಹಿಡಿಗೆ ನೀರಿನ ಬಾಟಲಿ ಕಟ್ಟಿ, ಗುಂಡಿಯೊತ್ತಿದರೆ ನೀರು ಚಿಮ್ಮುವ ಮಾಪು ಅಂಗಡಿಗಳಲ್ಲಿ ಸಿಗುತ್ತದೆ. ಅದು ಇದರ ಮೊಮ್ಮಗು. ಆದರೂ ಅನೇಕ ಮನೆಗಳಲ್ಲಿ ಒಂದು ವಿಚಿತ್ರ ಕಾಣಬಹುದು. ಬಾಗಿಲ ಹಿಂದೆ ಉದ್ದ ಹಿಡಿಯ ಮಾಪು ಒರಗಿ ನಿಂತಿರುತ್ತದೆ; ಮನೆಗೆಲಸದಾಕೆಯ ಕೈಗೆ ಬರುವುದು ಬಕೆಟ್ಟು ಮತ್ತು ಬಟ್ಟೆ. ‘ಕೋಲಿನಲ್ಲಿ ಒರೆಸಿದರೆ ಮೂಲೆ ಸ್ವಚ್ಛವಾಗುವುದಿಲ್ಲ, ಕೂತು ಒರೆಸಬೇಕಮ್ಮ’ ಎಂಬ ಮಾತು ಅಪರೂಪವಲ್ಲ. ದಿನಕ್ಕೆ ನಾಲ್ಕಾರು ಮನೆ ಸುತ್ತುವವಳಿಗೆ ಅದು ನಾಲ್ಕಾರು ಮನೆಗಳ ನೆಲ.

ಉಪಕರಣವನ್ನು ಕೊಳ್ಳಲು ಹಣ ಸಾಕು. ಅದನ್ನು ದುಡಿಯುವವಳ ಕೈಗೆ ಕೊಟ್ಟು, ಹೊಳಪು ಒಂದು ಗುಲಗಂಜಿಯಷ್ಟು ಕಡಿಮೆಯಾದರೂ ಸೈರಿಸಲು ಬೇಕಾದದ್ದು ಮನಸ್ಸು. ಮೇಣದ ಕೋಲು ಅಮೆರಿಕೆಯ ಗೃಹಿಣಿಗೆ ಕೊಡಲಾರದೆ ಹೋದದ್ದು ಅದನ್ನೇ. ನೆಲದಲ್ಲಿ ಮುಖ ಕಾಣುವಷ್ಟು ಹೊಳಪು ಬೇಕೆನ್ನುವವರು, ಅಲ್ಲಿ ಕಾಣುವ ಮುಖದ ಪಕ್ಕದಲ್ಲಿ ಆ ಹೊಳಪನ್ನು ತಂದವಳ ಮಂಡಿಯನ್ನೂ ಒಮ್ಮೆ ಕಂಡರೆ ಮನೆಯ ಅಂದ ಹೆಚ್ಚೀತೇ ಹೊರತು ಕುಂದದು.