ತಾರಸಿ ದೀಪ ಆರ್ಸಿ, ಬಡಗಲು ಯಾವ ಕಡೆ ನೋಡೋಣ

ನಮ್ಮ ಕಟ್ಟಡದ ವಾಟ್ಸಾಪ್ ಗುಂಪಲ್ಲಿ ಈ ವಾರ ಪೂರ್ತಿ ಒಂದೇ ಮಾತು. ತಾರಸಿಯ ನಾಕು ಮೂಲೆಗೂ ದೊಡ್ಡ ಎಲ್‌ಇಡಿ ಫ್ಲಡ್‌ಲೈಟ್ ಹಾಕಿಸ್ಬೇಕು, ಸಂಜೆಯಿಂದ ಬೆಳಗಿನ ತನಕ ಉರೀಬೇಕು ಅಂತ. ಯಾಕೆ ಅಂದ್ರೆ ಹೆಣ್ಮಕ್ಕಳ ಸೇಫ್ಟಿ. ಹೆಣ್ಮಕ್ಕಳ ಹೆಸರು ತೆಗೆದ್ಮೇಲೆ ಯಾರೂ ಎದುರು ಮಾತಾಡಲ್ಲ ಅಲ್ವಾ, ಅದಕ್ಕೇ ನಾನೇ ಮಾತಾಡ್ತೀನಿ. ಗೇಟಿಗೆ ದೀಪ ಬೇಕು, ಮೆಟ್ಟಿಲಿಗೆ ಬೇಕು, ರಸ್ತೆಗೆ ಇನ್ನೂ ಚೆನ್ನಾಗಿರೋದು ಬೇಕು. ತಾರಸಿ ಮೇಲೆ ಬೇಡ. ರಾತ್ರಿ ಹೊತ್ತು ಯಾವ ದಿಕ್ಕು ಎಲ್ಲಿದೆ ಅಂತ ನಮ್ಮ ಹೆಣ್ಮಕ್ಕಳು ಕಲಿಯೋಕೆ ಉಳಿದಿರೋ ಜಾಗ ಅದೊಂದೇ.

ನಗಬೇಡಿ ಕಣ್ರೀ. ದಿಕ್ಕಿನ ಹುಚ್ಚು ನಮಗೇನು ಕಮ್ಮಿನಾ? ಯಲಹಂಕದಲ್ಲಿ ಸೈಟ್ ನೋಡೋಕೆ ಹೋದ್ರೆ ಮೊದಲ ಪ್ರಶ್ನೆನೇ ಈಸ್ಟ್ ಫೇಸಿಂಗಾ ಅಂತ. ಹೌದು ಅಂದ್ರೆ ರೇಟು ಜಾಸ್ತಿ, ಅದನ್ನೂ ಕೊಡ್ತೀವಿ. ಈಶಾನ್ಯಕ್ಕೆ ಸಂಪು, ಆಗ್ನೇಯಕ್ಕೆ ಒಲೆ, ಉತ್ತರಕ್ಕೆ ತಲೆ ಹಾಕಿ ಮಲಗಂಗಿಲ್ಲ. ಅದೇ ಮನೆ ಮಗೂನ ರಾತ್ರಿ ರಸ್ತೇಲಿ ನಿಲ್ಸಿ ಉತ್ತರ ತೋರ್ಸು ಅಂದ್ರೆ ಫೋನ್ ತೆಗಿಯುತ್ತೆ. ಫೋನ್ ಹೇಳೋದು ಎಡಕ್ಕೆ ತಿರುಗು, ಬಲಕ್ಕೆ ತಿರುಗು ಅಂತ. ಎಡ ಬಲ ನಾವು ತಿರುಗಿದಂಗೆ ತಿರುಗ್ತವೆ, ಮೂಡಲು ಪಡುವಲು ಅಲ್ಲೇ ಇರ್ತವೆ. ನಮ್ಮತ್ತೆ 'ಬಡಗ್ಲು ಕಿಟಕಿ ಹಾಕವ್ವ, ಇರಚಲು ಬರ್ತದೆ' ಅಂತಿದ್ರು. ಆ ಮಾತು ನಮ್ಮನೇಲಿ ಅವರ ಜೊತೆಗೇ ಹೋಯ್ತು.

ಇನ್ನು ಮದುವೆ ಮನೆ. ಸಪ್ತಪದಿ ಆದ್ಮೇಲೆ ಗಂಡು ಹೆಣ್ಣನ್ನ ಆಚೆ ಕರ್ಕೊಂಡು ಹೋಗಿ ಅರುಂಧತಿ ತೋರಿಸ್ತಾರಲ್ಲ, ಬೆಳಗ್ಗೆ ಹನ್ನೊಂದು ಗಂಟೆ ಬಿಸಿಲಲ್ಲಿ! ಕಾಣ್ತಾ ಅಂದ್ರೆ ಕಾಣ್ತು ಅನ್ಬೇಕು, ಫೋಟೋದವನು ಇನ್ನೊಂದ್ಸಲ ಕೈ ಎತ್ತಿ ಅಂತಾನೆ. ಬಿಸಿಲಿಗೆ ಕಾಣಲ್ಲ ಅನ್ನೋದು ಒಂದು ಕಡೆ ಇರ್ಲಿ, ವೈಶಾಖದ ಲಗ್ನದಲ್ಲಿ ಆ ಹೊತ್ತಿಗೆ ಅರುಂಧತಿ ಆಕಾಶದಲ್ಲೇ ಇರಲ್ಲ, ನೆಲದ ಅಂಚಿಂದ ಕೆಳಗಿರ್ತಾಳೆ. ಅವತ್ತೇ ರಾತ್ರಿ ಒಂಬತ್ತಕ್ಕೆ ಮದುಮಕ್ಕಳನ್ನ ತಾರಸಿಗೆ ಕರ್ಕೊಂಡು ಹೋದ್ರೆ ನಿಜವಾಗ್ಲೂ ತೋರಿಸ್ಬಹುದು. ಉತ್ತರದ ಕಡೆ ಸಪ್ತರ್ಷಿ ಮಂಡಲ, ಸೌಟಿನಂಗೆ ಏಳು ಚುಕ್ಕಿ. ಸೌಟಿನ ಹಿಡಿಯಲ್ಲಿ ಕೊನೇಲಿಂದ ಎರಡನೇದು ವಸಿಷ್ಠ, ಅದಕ್ಕೆ ಅಂಟಿಕೊಂಡಂಗೆ ಇರೋ ಮಂಕು ಚುಕ್ಕಿ ಅರುಂಧತಿ. ಕಣ್ಣು ಸರಿಯಾಗಿದ್ರೆ ಎರಡೂ ಬೇರೆ ಬೇರೆ ಕಾಣ್ತವೆ.

ಅಲ್ಲೇ ಬಿಡ್ಬೇಡಿ. ಸೌಟಿನ ಇನ್ನೊಂದು ತುದಿಗೆ ಬನ್ನಿ, ಹಿಡಿಗೆ ದೂರದ ಅಂಚಿನ ಎರಡು ಚುಕ್ಕಿ, ಪುಲಹ ಮತ್ತೆ ಕ್ರತು. ಪುಲಹದಿಂದ ಕ್ರತುಗೆ ಗೆರೆ ಎಳೆದು, ಅವೆರಡರ ನಡುವಿನ ದೂರದ ಐದರಷ್ಟು ಅದೇ ದಾರೀಲಿ ಮುಂದಕ್ಕೆ ಹೋದ್ರೆ ಒಂಟಿಯಾಗಿ ಒಂದು ಚುಕ್ಕಿ ಸಿಗುತ್ತೆ. ಅದು ಧ್ರುವ. ಕಥೇಲಿ ಕೇಳಿದಷ್ಟು ಹೊಳಪೇನೂ ಇಲ್ಲ, ಸಪ್ತರ್ಷಿ ಚುಕ್ಕಿಗಳಷ್ಟೇ. ಸಂಜೆ ಪಡುವಲಲ್ಲಿ ಇಲ್ಲಾ ಬೆಳಗಿನ ಜಾವ ಮೂಡಲಲ್ಲಿ ಫಳಫಳ ಅನ್ನೋದು ಬೆಳ್ಳಿ, ಶುಕ್ರ. ಅದನ್ನ ಧ್ರುವ ಅಂತ ಮಕ್ಕಳಿಗೆ ತೋರಿಸೋರು ನಮ್ಮ ಕಟ್ಟಡದಲ್ಲೇ ಇದ್ದಾರೆ, ಹೆಸರು ಬೇಡ.

ಈಗ ನನ್ನ ವಾದದ ತಿರುಳಿಗೆ ಬರ್ತೀನಿ. ನೀವು ಭೂಮಿ ಮೇಲೆ ಎಷ್ಟು ಡಿಗ್ರಿ ಅಕ್ಷಾಂಶದಲ್ಲಿದ್ದೀರೋ ಧ್ರುವ ಅಷ್ಟೇ ಎತ್ತರದಲ್ಲಿ ಕಾಣೋದು. ದೆಹಲಿಯೋರಿಗೆ 28 ಡಿಗ್ರಿಗೂ ಮೇಲೆ. ನಮ್ಮ ಬೆಂಗಳೂರಿಗೆ ಬರೀ 13. ಕೈ ನೀಟಾಗಿ ಚಾಚಿ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು, ಅಷ್ಟೇ ಎತ್ತರ. ರಸ್ತೇಲಿ ನಿಂತ್ರೆ ಎದುರು ಮನೆಯ ಎರಡನೇ ಮಹಡೀಲೇ ಅದು ಮರೆಯಾಗೋಗುತ್ತೆ. ತಾರಸಿಗೆ ಹತ್ತಿದ್ರೆ ಮಾತ್ರ ಸಿಗುತ್ತೆ. ಮೂಲೆ ಮೂಲೆಗೂ ಫ್ಲಡ್‌ಲೈಟ್ ನಿಲ್ಸಿದ್ರೆ ಮೊದಲು ಹಾಳಾಗೋದು ಆ ತಗ್ಗಿನ ಆಕಾಶವೇ. ಧೂಳಿದ್ದ ದಿನ ಧ್ರುವ ಕಾಣದೇ ಹೋದ್ರೂ ಸಪ್ತರ್ಷಿಯಿಂದ ಗೆರೆ ಎಳೆದು ಉತ್ತರ ಅಂದಾಜು ಮಾಡ್ಬಹುದು. ಫ್ಲಡ್‌ಲೈಟ್ ಕಣ್ಣಿಗೆ ಹೊಡೀತಿದ್ರೆ ಅದೂ ಇಲ್ಲ.

ವರ್ಷಪೂರ್ತಿ ಸಂಜೆ ಹೊತ್ತು ಸಪ್ತರ್ಷಿ ಸಿಗಲ್ಲ, ನಿಜ. ಯುಗಾದಿ ಕಳೆದು ಮಳೆ ಹಿಡಿಯೋ ತನಕ ಚೆನ್ನ. ಮೇ ತಿಂಗಳಲ್ಲಿ ತಿರುಗಿ ನಿಂತ್ರೆ ತೆಂಕಲ ಕಡೆ, ಹೆಬ್ಬಾಳದ ಬೆಳಕಿನ ಮೇಲೆ, ತ್ರಿಶಂಕು ಅನ್ನೋ ಪುಟ್ಟ ಶಿಲುಬೆ ಆಕಾರ. ಚಳಿಗಾಲಕ್ಕೆ ನನಗಿಷ್ಟ ಮಹಾವ್ಯಾಧನ ನಡುಪಟ್ಟಿಯ ಮೂರು ಚುಕ್ಕಿ, ಒಂದೇ ಸಾಲಲ್ಲಿ. ಸೂರ್ಯ ಸರಿಯಾಗಿ ಮೂಡಲಲ್ಲೇ ಹುಟ್ಟೋದು ಮಾರ್ಚಲ್ಲೊಮ್ಮೆ, ಸೆಪ್ಟೆಂಬರಲ್ಲೊಮ್ಮೆ. ಈ ಮೂರು ಚುಕ್ಕಿ ಯಾವಾಗ ಹುಟ್ಟಿದ್ರೂ ಹೆಚ್ಚುಕಮ್ಮಿ ನೇರ ಮೂಡಲಲ್ಲೇ, ಮುಳುಗೋದು ನೇರ ಪಡುವಲಲ್ಲೇ.

ನಮ್ಮೂರಿಗೇ ಅಂತ ಇನ್ನೊಂದು ಗುರುತಿದೆ. 2008ರಲ್ಲಿ ಶುರುವಾದ ದೇವನಹಳ್ಳಿ ಏರ್‌ಪೋರ್ಟಿನ ರನ್‌ವೇ ಪೂರ್ವ ಪಶ್ಚಿಮವಾಗಿ ಇದೆ. ಇಳಿಯೋಕೆ ಸಾಲಾಗಿ ಬರೋ ವಿಮಾನದ ದೀಪ ನಮಗೆ ಉತ್ತರದ ಕಡೆ ಅಡ್ಡ ಗೆರೆಯಂಗೆ ಕಾಣುತ್ತೆ. ಚಿಕ್ಕ ಮಕ್ಕಳು ಅದನ್ನೇ ನಕ್ಷತ್ರ ಅಂತಾವೆ, ಅನ್ಲಿ ಬಿಡಿ, ದಿಕ್ಕಂತೂ ತಪ್ಪಲ್ಲ. ಮೇಖ್ರಿ ವೃತ್ತದ ಹತ್ರದ ಕೆಂಪೇಗೌಡರ ಗೋಪುರ ಬೆಂಗಳೂರಿನ ಉತ್ತರದ ಗಡಿ ಅಂತ ಪಾಠದಲ್ಲಿ ಓದಿ, ಅದೂ ನಮಗೆ ಉತ್ತರಕ್ಕೇ ಇದೆ ಅಂದ್ಕೊಂಡಿರ್ತಾವೆ. ನಾವು ಅದಕ್ಕಿಂತ ಬಡಗಲಿಗೆ ಇದ್ದೀವಿ, ನಮಗದು ತೆಂಕಲು.

ಇದೆಲ್ಲ ನಮಗೆ ಹೊಸದೇನಲ್ಲ ಅಕ್ಕಂದಿರೇ. ಸಂಕಷ್ಟಿ ಉಪವಾಸ ಮಾಡೋರು ರಾತ್ರಿ ಒಂಬತ್ತರ ಹೊತ್ತಿಗೆ ಚಂದ್ರನ್ನ ಹುಡುಕೋದು ಯಾವ ಕಡೆ? ಮೂಡಲ ಕಡೆ. ಬಿದಿಗೆ ಚಂದ್ರ ಸಂಜೆ ಪಡುವಲಲ್ಲಿ. ಹುಣ್ಣಿಮೇಲಿ ಸೂರ್ಯ ಆ ಕಡೆ ಮುಳುಗ್ತಿದ್ದಂಗೆ ಈ ಕಡೆ ಚಂದ್ರ. ತಿಥಿ ಗೊತ್ತಿದ್ರೆ ದಿಕ್ಕು ಗೊತ್ತು. ಇದನ್ನ ಪೂಜೆ ಲೆಕ್ಕಕ್ಕೆ ಇಟ್ಕೊಂಡಿದ್ದೀವಿ, ದಾರಿ ಲೆಕ್ಕಕ್ಕೆ ಬಿಟ್ಟಿದ್ದೀವಿ.

ಸೇಫ್ಟಿ ಅಂದ್ರಲ್ಲ, ಕೇಳಿ. ಹುಡುಗಿ ಕೆಲಸ ಮುಗಿಸಿ ಎಂಟು ಗಂಟೆಗೆ ಹೆಬ್ಬಾಳದಲ್ಲಿ ಕ್ಯಾಬ್ ಹತ್ತುತ್ತಾಳೆ, ಫೋನ್ ಚಾರ್ಜ್ ಮುಗ್ದಿದೆ. ಹೆಬ್ಬಾಳದಿಂದ ಯಲಹಂಕ ಹೆಚ್ಚುಕಮ್ಮಿ ನೇರ ಉತ್ತರ. ಹುಣ್ಣಿಮೆ ಆಸುಪಾಸಾದ್ರೆ ಚಂದ್ರ ಬಲಗಡೆ ಕಿಟಕೀಲಿ ಇರ್ಬೇಕು. ಡಿಸೆಂಬರಾದ್ರೆ ಆ ಮೂರು ಚುಕ್ಕಿನೂ ಬಲಗಡೆ. ಅವು ಎಡಕ್ಕೆ ಬಂದು ಅಲ್ಲೇ ನಿಂತ್ರೆ ಗಾಡಿ ತೆಂಕಲಿಗೆ ತಿರುಗಿದೆ, ಕೇಳ್ಬೇಕು, ನಿಲ್ಸು ಅನ್ಬೇಕು. ಇದೊಂದೇ ಅವಳನ್ನ ಕಾಯುತ್ತೆ ಅಂತ ನಾನೆಲ್ಲಿ ಅಂದೆ? ಆದ್ರೆ ತಾನೆಲ್ಲಿ ಹೋಗ್ತಿದ್ದೀನಿ ಅಂತ ಗೊತ್ತಿರೋ ಹುಡುಗಿಗೂ, ಪರದೆ ಆರಿದ ತಕ್ಷಣ ಏನೂ ಗೊತ್ತಿಲ್ಲದೆ ಕೂರೋ ಹುಡುಗಿಗೂ ವ್ಯತ್ಯಾಸ ಇದೆ. ತಾರಸಿ ಫ್ಲಡ್‌ಲೈಟು ಆ ಗಾಡಿಯೊಳಗಂತೂ ಬರಲ್ಲ.

ಚೌಡಯ್ಯ ರಸ್ತೇಲಿ 1989ರಿಂದ ಜವಾಹರಲಾಲ್ ನೆಹರು ತಾರಾಲಯ ಇದೆಯಲ್ಲ ಅಂತೀರಾ? ಇದೆ, ಕನ್ನಡದಲ್ಲೂ ತೋರಿಸ್ತಾರೆ, ಮಕ್ಕಳನ್ನ ಕರ್ಕೊಂಡು ಹೋಗಿ. ಅಲ್ಲಿ ನೋಡಿದ್ದನ್ನ ಮನೆಗೆ ಬಂದು ಹುಡುಕೋಕೆ ಕತ್ತಲು ಬೇಕಲ್ಲ. ಪಕ್ಕದ ಹೊಸಕೋಟೇಲಿ ಕೂತು ವಿಜ್ಞಾನಿಗಳು ಲಡಾಖಿನ ಹಾನ್ಲೆಯ ದೂರದರ್ಶಕ ನಡೆಸ್ತಾರೆ. ಅವರಿಗೆ ಉಪಗ್ರಹದ ಸಂಪರ್ಕ ಇದೆ, ನಮಗಿರೋದು ತಾರಸಿ.

ಹಂಗಾಗಿ ಭಾನುವಾರದ ಮೀಟಿಂಗಲ್ಲಿ ನನ್ನದು ಇಷ್ಟೇ. ಆ ದುಡ್ಡಲ್ಲಿ ಗೇಟಿಗೂ ಮೆಟ್ಟಿಲಿಗೂ ಬೆಳಕು ಕೆಳಗೆ ಬೀಳೋ ಹಂಗೆ ಮುಚ್ಚಿದ ದೀಪ ಹಾಕ್ಸಿ. ತಾರಸಿಗೆ ಒಂದು ಬಲ್ಬು, ಬಾಗಿಲ ಹತ್ರ ಸ್ವಿಚ್ಚು, ಬೇಕಾದೋರು ಹಾಕ್ಕೊಳ್ಳಿ, ಇಳಿಯುವಾಗ ಆರಿಸ್ಲಿ. ಮುಂದಿನ ಸಂಕಷ್ಟಿಗೆ ಎಂಟೂವರೆಯಿಂದ ನಾನು ಮೇಲಿರ್ತೀನಿ, ಚಾಪೆ ನಾನೇ ತರ್ತೀನಿ. ಹೆಣ್ಮಕ್ಕಳನ್ನ ಕಳ್ಸಿ, ಗಂಡು ಮಕ್ಕಳನ್ನೂ ಕಳ್ಸಿ. ಫೋನ್ ಕೆಳಗೇ ಇರ್ಲಿ.